ಗಾಡಿಗಾಗಿ ಕೇಳಿದ ಹೂವು

ಆ ಗಾಡಿಯ ಬಾಗಿಲು ಮುಚ್ಚುವಾಗ ಬರುತ್ತಿದ್ದ ಸದ್ದಿಗೆ ನಾನು ಮರುಳಾದೆ. ನನ್ನ ಸಣ್ಣ ಕಾರಿನ ಬಾಗಿಲು ಎಳೆದರೆ ಖಾಲಿ ಡಬ್ಬದ ಮುಚ್ಚಳ ಬಡಿದ ಹಾಗಾಗುತ್ತಿತ್ತು. ಇದು ಧಪ್ ಎಂದು ಒಂದೇ ಸಲ ಮೆತ್ತಗೆ ಕೂರುತ್ತಿತ್ತು, ಕೂತ ಕೂಡಲೆ ಹೊರಗಿನ ಹಾರ್ನು, ತರಕಾರಿಯವನ ಕೂಗು, ಪಕ್ಕದ ಮನೆಯ ಮಿಕ್ಸಿ ಎಲ್ಲ ಒಟ್ಟಿಗೆ ನಿಂತುಹೋಗುತ್ತಿತ್ತು. ಬಸವೇಶ್ವರನಗರದ ಆ ಮನೆಯ ಕಾಂಪೌಂಡಿನಲ್ಲಿ ನಿಂತು ಏಳೆಂಟು ಸಲವಾದರೂ ಆ ಬಾಗಿಲನ್ನು ತೆಗೆದು ಮುಚ್ಚಿರಬೇಕು. ಮಾರುವವರು ಗ್ರಾನೈಟ್ ವ್ಯಾಪಾರಿ, ಸಭ್ಯ ಮನುಷ್ಯ. "ಸಾರ್, ಮೊದಲು ಎಂಜಿನ್ ನೋಡಿ," ಅಂದರು. ನಾನು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ.

ಇಸವಿ ಎರಡು ಸಾವಿರದ ಏಳೋ ಎಂಟೋ ಇರಬೇಕು. ನಮ್ಮೂರು ಬೆಂಗಳೂರಿನ ಲೆಕ್ಕಕ್ಕೆ ಸೇರಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಗಾಡಿ ವಿದೇಶದ್ದು, ಕಪ್ಪು ಬಣ್ಣ, ಒಂಬತ್ತು ವರ್ಷ ಹಳೆಯದು. ಹೊಸದಾಗಿದ್ದಾಗ ಅದನ್ನು ಕೊಳ್ಳಬಲ್ಲವರು ಇಡೀ ರಾಜಾಜಿನಗರದಲ್ಲಿ ನಾಲ್ಕು ಜನ ಇದ್ದರೇನೋ. ಚರ್ಮದ ಸೀಟುಗಳು ಕೂತು ಕೂತು ಬಿರುಕು ಬಿಟ್ಟಿದ್ದವು. ಸ್ಟಿಯರಿಂಗ್ ಮುಂದಿನ ಮರದ ಪಟ್ಟಿ ಒಂದು ಕಡೆ ಎದ್ದು ಬಂದಿತ್ತು. ಮೇಲಿನ ಗಾಜಿನ ಕಿಂಡಿ ತೆರೆಯುತ್ತಿತ್ತು, ಆದರೆ ತೆರೆದದ್ದನ್ನು ಮುಚ್ಚಲು ಒಬ್ಬರು ಕೈಯಿಂದ ತಳ್ಳಬೇಕಿತ್ತು. ಇಷ್ಟೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ ಅಷ್ಟೇ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಮಾಗಡಿ ರಸ್ತೆಯ ಬದಿಯ ಹಳ್ಳಿಯವನು. ಬ್ಯಾಡರಹಳ್ಳಿ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ನಮ್ಮೂರು. ಈಗ ಅದನ್ನು ಊರು ಎಂದು ಗುರುತಿಸಬೇಕಾದರೆ ಮಾರಮ್ಮನ ಗುಡಿಯನ್ನೇ ನೋಡಬೇಕು, ಉಳಿದದ್ದೆಲ್ಲ ಮನೆಗಳು ಮತ್ತು ಬಾಡಿಗೆಗಿದೆ ಎಂಬ ಬೋರ್ಡುಗಳು. ಜಮೀನು ಲೇಔಟ್ ಆದಾಗ ನನಗೂ ಪಾಲು ಬಂತು. ಅದರಲ್ಲಿ ವಿಜಯನಗರದಲ್ಲಿ ಮನೆ ಮಾಡಿಕೊಂಡೆ, ಮಾಗಡಿ ರಸ್ತೆಯಲ್ಲಿ ನಲ್ಲಿ, ಪೈಪು, ಟೈಲ್ಸು ಮಾರುವ ಅಂಗಡಿ ಇಟ್ಟೆ. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಗಾಡಿ ಬೇಕು ಅನ್ನಿಸಿದ್ದಕ್ಕೆ ಅನುಕೂಲ ಅನನುಕೂಲದ ಕಾರಣ ಯಾವುದೂ ಇರಲಿಲ್ಲ.

ಕಾರಣ ಇದ್ದದ್ದು ಒಂದು ಮದುವೆ ಛತ್ರದ ಹಿಂಬಾಗಿಲಲ್ಲಿ. ಸಂಬಂಧಿಕರ ಮದುವೆ. ಛತ್ರದ ಮುಂದೆ ಸೀಟಿ ಹಿಡಿದುಕೊಂಡು ನಿಂತಿದ್ದವನು ನನ್ನ ಸಣ್ಣ ಕಾರನ್ನು ನೋಡಿದ ಕೂಡಲೆ ಕೈಬೀಸಿ ಹಿಂದಕ್ಕೆ ಕಳಿಸಿದ. ಹಿಂದೆ ಎಂದರೆ ಜನರೇಟರ್ ಪಕ್ಕ, ಪಾತ್ರೆ ತೊಳೆಯುವ ಜಾಗ. ನನ್ನ ಹೆಂಡತಿ ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಆ ತೊಳೆದ ನೀರಿನಲ್ಲಿ ಕಾಲಿಟ್ಟು ನಡೆದಳು. ನಾವು ಸುತ್ತು ಹಾಕಿ ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ, ನನ್ನ ಜೊತೆಯೇ ಜಮೀನು ಮಾರಿದ ದಾಯಾದಿಯೊಬ್ಬ ತನ್ನ ದೊಡ್ಡ ಗಾಡಿಯಿಂದ ಮೆಟ್ಟಿಲ ಮೇಲೇ ಇಳಿಯುತ್ತಿದ್ದ. ಸೀಟಿಯವನು ಅವನಿಗೆ ಬಾಗಿಲು ತೆಗೆದ. ಹೆಂಡತಿ ಊಟಕ್ಕೆ ಕೂತಾಗಲೇ ಇದನ್ನು ಮರೆತಳು. ನಾನು ಎರಡು ವರ್ಷ ಮರೆಯಲಿಲ್ಲ. ಹಗೆ ಸಾಧಿಸುವುದರಲ್ಲಿ ನಾನು ಗಟ್ಟಿಗ, ಅದೂ ಇಂಥ ಕೆಲಸಕ್ಕೆ ಬಾರದ ವಿಷಯಗಳಲ್ಲಿ.

ವಿಜಯನಗರದ ನನ್ನ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವನು ಗಾಡಿಯ ಕೆಳಗೆ ಮಲಗಿ, ಎದ್ದು, ಕೈ ಒರೆಸಿಕೊಂಡು, ಮಾರುವವರು ದೂರ ಹೋಗುವ ತನಕ ಕಾದ. "ಅಣ್ಣ, ಒಂದಿನ ಬೆಳಿಗ್ಗೆ ಬೆಳಿಗ್ಗೆ ಬಂದು ನೋಡಿ," ಅಂದ. "ಇದಕ್ಕೆ ಸ್ಪ್ರಿಂಗ್ ಇಲ್ಲ, ಗಾಳಿ ಮೇಲೆ ನಿಂತಿರೋದು. ಗಾಳಿ ಲೀಕ್ ಆಗ್ತಾ ಇದೆ. ನಿಂತು ನಿಂತು ಒಂದು ಕಡೆ ಕೂತ್ಬಿಡುತ್ತೆ. ರಿಪೇರಿಗೆ ಸಾಮಾನು ಹೊರದೇಶದಿಂದ ಬರಬೇಕು." ಮಾರನೆಯ ದಿನ ಆರು ಗಂಟೆಗೆ ಹೋದೆ. ಅವನು ಹೇಳಿದ ಹಾಗೆಯೇ ಗಾಡಿ ಎಡಗಡೆ ಕುಸಿದು ಕೂತಿತ್ತು. ಮಾರುವವರು ಎಂಜಿನ್ ಚಾಲೂ ಮಾಡಿದರು. ಗಾಡಿ ನಿಧಾನವಾಗಿ ಮೈ ಎತ್ತಿ ನೇರ ನಿಂತಿತು. ಬುದ್ಧಿ ಇದ್ದವನು ಅಲ್ಲಿಂದಲೇ ಕೈಮುಗಿದು ಬರುತ್ತಿದ್ದ. ನನಗೆ ಮಾತ್ರ ಅದು ನನ್ನನ್ನು ನೋಡಿ ಎದ್ದು ನಿಂತಿತು ಅನ್ನಿಸಿತು. ಇನ್ನಷ್ಟು ಇಷ್ಟವಾಯಿತು.

ಹೆಂಡತಿ ಮೊದಲ ದಿನದಿಂದಲೇ ಬೇಡ ಅಂದಳು. ಅವಳು ಕೂಗಾಡುವವಳಲ್ಲ, ಒಂದೊಂದೇ ಪ್ರಶ್ನೆ ಕೇಳುವವಳು. "ಎಲ್ಲಿ ನಿಲ್ಲಿಸ್ತೀರ?" ಎಂದು ಕೇಳಿದಳು. ನಾನು ಅಂಗಡಿಯಿಂದ ಟೇಪು ತಂದು ಅಳೆದೆ. ಗೇಟಿನಿಂದ ಗೋಡೆಯವರೆಗೆ ಇದ್ದ ಜಾಗ ಗಾಡಿಗಿಂತ ಎರಡು ಅಡಿ ಕಡಿಮೆ. ಬಟ್ಟೆ ಒಗೆಯುವ ಕಲ್ಲು ಕಿತ್ತರೆ ಸ್ವಲ್ಪ ಜಾಗ ಸಿಗುತ್ತದೆ ಅಂದೆ.

"ಕಲ್ಲು ಕಿತ್ತ ಮೇಲೂ ಗೇಟು ಮುಚ್ಚಲ್ಲ ಅಲ್ವಾ?" ಅಂದಳು.

"ಮುಚ್ಚಲ್ಲ," ಅಂದೆ.

"ಅಂದ್ರೆ ಹಿಂದುಗಡೆ ರಸ್ತೇಲಿ ಚಾಚ್ಕೊಂಡು ನಿಂತಿರುತ್ತೆ. ನಾನು ಬಟ್ಟೆ ಎಲ್ಲಿ ಒಗೀಲಿ, ಅದರ ಬಾನೆಟ್ ಮೇಲಾ?"

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಯಾವಾಗಲೂ ಎದುರಿನವರ ಮಾತು ಸರಿ ಇದ್ದಾಗ. ಎರಡು ದಿನ ಮಾತು ಬಿಟ್ಟೆ, ಮೂರನೆಯ ದಿನ ಊಟ ಬಿಟ್ಟೆ. ಐವತ್ತರ ಹತ್ತಿರ ಬಂದ ಗಂಡಸು, ಒಂದು ಹಳೇ ಕಾರಿಗೆ ಊಟ ಬಿಟ್ಟು ಕೂತದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. "ಊರಿಗೆ ಹೋಗಿ ಮಾರಮ್ಮನ ಹತ್ರ ಹೂ ಕೇಳೋಣ. ಬಲಕ್ಕೆ ಕೊಟ್ರೆ ನಾನು ಒಂದು ಮಾತೂ ಆಡಲ್ಲ. ಕಲ್ಲು ನಾನೇ ಕೀಳಿಸ್ತೀನಿ. ಎಡಕ್ಕೆ ಕೊಟ್ರೆ ನೀವೂ ಮಾತಾಡಬಾರದು."

ನಮ್ಮೂರ ಕಡೆ ಇದು ಹೊಸದಲ್ಲ. ಸಂಬಂಧ ಕುದುರಿಸಲು, ಬೋರ್ ಕೊರೆಸಲು, ಆಸ್ಪತ್ರೆಗೆ ಸೇರಿಸಲು, ಎಲ್ಲಕ್ಕೂ ಜನ ಮಾರಮ್ಮನ ಹೂ ಕೇಳುತ್ತಾರೆ. ಪೂಜಾರಿ ಎರಡು ಕಣಗಿಲೆ ಹೂ ನೀರಿನಲ್ಲಿ ಅದ್ದಿ ಅಮ್ಮನ ಎಡ ಬಲ ಭುಜಕ್ಕೆ ಅಂಟಿಸುತ್ತಾರೆ. ಕೇಳುವವರು ಎದುರು ಕೂತು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾರೆ. ನೀರು ಆರುತ್ತಾ ಬಂದ ಹಾಗೆ ಯಾವುದೋ ಒಂದು ಹೂ ಮೊದಲು ಜಾರುತ್ತದೆ. ಬಲದ್ದು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ಕೆಲವು ಸಲ ಅರ್ಧ ಗಂಟೆಯಾದರೂ ಎರಡೂ ಬೀಳುವುದಿಲ್ಲ. ಆಗ ಜನ ಮುಂದಿನ ವಾರ ಬರುತ್ತಾರೆ.

ಆ ಹೂ ಅಂಟಿಸುವ ಕೈ ನನ್ನ ದೊಡ್ಡಪ್ಪನದು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಅಪ್ಪನ ಅಣ್ಣ ಇವರು. ಇವರಿಗೆ ಇಬ್ಬರೂ ಹೆಣ್ಣು ಮಕ್ಕಳು. ನನ್ನನ್ನು ಅಂದಿನಿಂದ ತಮ್ಮ ಪಕ್ಕದಲ್ಲಿ ಮಲಗಿಸಿಕೊಂಡು, ತಮ್ಮ ತಟ್ಟೆಯಲ್ಲಿ ಉಣಿಸಿ ಬೆಳೆಸಿದರು. ಮಂಗಳವಾರ ಶುಕ್ರವಾರ ಗುಡಿಗೆ ಕರೆದುಕೊಂಡು ಹೋಗುತ್ತಿದ್ದರು, ನಾನು ಬಾವಿಯಿಂದ ನೀರು ಸೇದಿ ತರುತ್ತಿದ್ದೆ. ಅವರಿಗೆ ಒಂದು ಕಟ್ಟುನಿಟ್ಟು ಇತ್ತು. ಯಾರು ಏನು ಕೇಳಲು ಬಂದಿದ್ದಾರೆ ಎಂದು ಅವರು ತಿಳಿದುಕೊಳ್ಳುತ್ತಿರಲಿಲ್ಲ. ಯಾರಾದರೂ ಬಾಯಿ ತೆರೆದರೆ, "ನನಗೆ ಹೇಳಬೇಡಿ, ಮನಸ್ಸಲ್ಲಿಟ್ಕೊಳ್ಳಿ," ಎಂದು ತಡೆದುಬಿಡುತ್ತಿದ್ದರು. ಯಾಕೆಂದು ಒಂದು ಸಲ ಕೇಳಿದ್ದೆ. "ಗೊತ್ತಾದ್ರೆ ಅವರಿಗೆ ಒಳ್ಳೇದಾಗ್ಲಿ ಅನ್ಸುತ್ತೆ. ಅನ್ಸಿದ್ರೆ ಕೈ ಆ ಕಡೆಗೆ ವಾಲುತ್ತೆ," ಅಂದಿದ್ದರು. ಐವತ್ತು ವರ್ಷ ಈ ಕೈ ಯಾವ ಕಡೆಗೂ ವಾಲಿರಲಿಲ್ಲ. ತಮ್ಮ ಸ್ವಂತ ಮಗಳ ಮದುವೆಗೆ ಹೂ ಕೇಳಿದಾಗ ಎಡಕ್ಕೆ ಬಂತೆಂದು, ಒಪ್ಪಿಗೆಯಾಗಿದ್ದ ಸಂಬಂಧವನ್ನು ಬಿಟ್ಟವರು ಅವರು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೇ ಗುರುವಾರ ಸಂಜೆ ಒಬ್ಬನೇ ಊರಿಗೆ ಹೋದೆ.

ದೊಡ್ಡಪ್ಪ ಗುಡಿಯ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಹಾಕಿ ದೀಪದ ಕಂಬ ತಿಕ್ಕುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು. "ಊಟ ಮಾಡಿದ್ಯಾ?" ಅನ್ನುವುದೇ ಅವರ ಮೊದಲ ಮಾತು, ಹೊತ್ತು ಯಾವುದೇ ಆಗಿರಲಿ.

"ನಾಳೆ ನಾವಿಬ್ಬರೂ ಹೂ ಕೇಳೋಕೆ ಬರ್ತೀವಿ ದೊಡ್ಡಪ್ಪ."

"ಬನ್ನಿ. ಏಳು ಗಂಟೆಗೇ ಬಂದ್ಬಿಡಿ. ಆಮೇಲೆ ಲೇಔಟಿನ ಜನ ಜಾಸ್ತಿ ಆಗ್ತಾರೆ."

"ಒಂದು ಗಾಡಿ ವಿಷಯ..."

ಅವರು ಹುಣಸೆಹುಳಿಯ ಕೈಯನ್ನೇ ಎತ್ತಿದರು. "ನನಗೆ ಹೇಳಬೇಡ ಕಣೋ."

ನಾನು ಹೇಳಿದೆ. ಗಾಡಿಯ ಬಣ್ಣದಿಂದ ಹಿಡಿದು ಒಗೆಯುವ ಕಲ್ಲಿನವರೆಗೆ ಒಂದೂ ಬಿಡದೆ ಹೇಳಿದೆ. ಅವರು ಮುಖ ಆ ಕಡೆ ತಿರುಗಿಸಿ ಕೂತರು, ಕಿವಿ ಮುಚ್ಚಿಕೊಳ್ಳಲು ಕೈ ಒದ್ದೆಯಿತ್ತು. ಎಲ್ಲ ಮುಗಿಸಿ, "ಬಲಕ್ಕೇ ಆಗಬೇಕು ದೊಡ್ಡಪ್ಪ," ಅಂದೆ.

"ಅದು ಅವಳಿಗೆ ಬಿಟ್ಟಿದ್ದು."

"ಎಡಗಡೆ ಹೂಗೆ ನೀರಿನ ಬದಲು ಒಂಚೂರು ಗಂಧ ಹಚ್ಚಿ ಅಂಟಿಸಿ. ಅಷ್ಟೇ. ಯಾರಿಗೂ ಗೊತ್ತಾಗಲ್ಲ."

ಅವರು ದೀಪದ ಕಂಬವನ್ನು ಪಕ್ಕಕ್ಕಿಟ್ಟರು. "ಯಾರಿಗೂ ಅಂದ್ರೆ ಯಾರಿಗೆ?" ಎಂದು ಕೇಳಿದರು. ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದರು.

ಅಲ್ಲಿಗೇ ನಾಲಿಗೆ ಕಚ್ಚಿಕೊಂಡು ಎದ್ದು ಬರಬೇಕಿತ್ತು. ಬರಲಿಲ್ಲ. ಇದೇನು ಯಾರ ಪ್ರಾಣದ ವಿಷಯವೂ ಅಲ್ಲ ಅಂದೆ. ಹೆಂಡತಿಯ ಹಟ ಮುರಿಯಲು ಒಂದು ನೆಪ ಬೇಕಷ್ಟೆ ಅಂದೆ. ಅಮ್ಮನಿಗೆ ಗಾಡಿಗೀಡಿಯ ವಿಷಯದಲ್ಲೇನು ಆಸಕ್ತಿ ಇರುತ್ತದೆ ಅಂದೆ. ಗಿರಾಕಿಗೆ ಟೈಲ್ಸು ದಾಟಿಸುವಾಗ ಬರುವ ಮಾತುಗಳೆಲ್ಲ ಬಂದವು. ಅವರು ದೀಪದ ಕಂಬವನ್ನು ಮತ್ತೆ ಎತ್ತಿಕೊಂಡು ತಿಕ್ಕತೊಡಗಿದರು. ಆಗ ನಾನು ಒಂದು ಮಾತು ಆಡಿದೆ. ಇಷ್ಟು ವರ್ಷದಲ್ಲಿ ಅದನ್ನು ಯಾರ ಎದುರೂ ಹೇಳಿಲ್ಲ, ಬರೆಯುವಾಗಲೂ ಕೈ ಹಿಂದೆ ಮುಂದೆ ನೋಡುತ್ತಿದೆ.

"ನಮ್ಮಪ್ಪ ಇದ್ದಿದ್ರೆ ನನಗೋಸ್ಕರ ಇಷ್ಟು ಮಾಡ್ತಿದ್ದ," ಅಂದೆ.

ಅಪ್ಪ ಇಲ್ಲ ಎಂಬುದು ನನ್ನ ಬಾಯಲ್ಲಿ ಅವರು ಕೇಳಿದ್ದು ಅದೇ ಮೊದಲು. ಆ ಕೊರತೆ ನನಗೆ ಗೊತ್ತಾಗದೆ ಇರಲೆಂದೇ ಅವರು ನಲವತ್ತು ವರ್ಷ ದುಡಿದಿದ್ದರು. ಅವರ ಮುಖ ಏನಾಯಿತು ಎಂದು ಹೇಳಲಾರೆ, ನಾನು ನೋಡಲಿಲ್ಲ. ನಾನು ಚಪ್ಪಲಿ ನೋಡುತ್ತಾ ನಿಂತಿದ್ದೆ.

"ಅಷ್ಟು ಬೇಕೇನೋ ಅದು ನಿನಗೆ?"

"ಬೇಕು ದೊಡ್ಡಪ್ಪ."

"ಸರಿ, ಹೋಗು. ಕತ್ತಲಾಗೋದ್ರೊಳಗೆ ಮನೆ ಸೇರ್ಕೊ," ಅಂದರು.

ಬರುವಾಗ ದಾರಿಯುದ್ದಕ್ಕೂ ಗೆದ್ದವನ ಹಾಗೆ ಬಂದೆ. ಅದನ್ನೂ ಹೇಳಲೇಬೇಕು. ಆ ಸಂಜೆ ನನಗೆ ನಾಚಿಕೆ ಆಗಲಿಲ್ಲ. ಮಾಗಡಿ ರಸ್ತೆಯ ಗುಂಡಿಗಳನ್ನು ನೋಡಿ, ಇನ್ನು ಇವೆಲ್ಲ ನನಗೆ ಲೆಕ್ಕಕ್ಕಿಲ್ಲ ಅಂದುಕೊಂಡೆ.

ಶುಕ್ರವಾರ ಹೆಂಡತಿ ಐದು ಗಂಟೆಗೇ ಎದ್ದು ತಲೆಗೆ ಸ್ನಾನ ಮಾಡಿ, ಮಡಿಲಕ್ಕಿ, ಬಳೆ, ಹೂ ಎಲ್ಲ ಕಟ್ಟಿಕೊಂಡಳು. ಏಳಕ್ಕೆ ಗುಡಿಯಲ್ಲಿದ್ದೆವು. ದೊಡ್ಡಪ್ಪ ಅಮ್ಮನಿಗೆ ಅಭಿಷೇಕ ಮುಗಿಸಿ ಅಲಂಕಾರ ಮಾಡಿದ್ದರು. ನಮ್ಮನ್ನು ನೋಡಿ, "ಕೂತ್ಕೊಳ್ಳಮ್ಮ," ಎಂದು ಅವಳಿಗೆ ಹೇಳಿದರು. ನನ್ನ ಕಡೆ ನೋಡಲಿಲ್ಲ. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಬಲದ ಹೂವನ್ನು ನೀರಿನಲ್ಲಿ ಅದ್ದಿದರು. ಎಡದ ಹೂವನ್ನು ಎತ್ತಿಕೊಂಡು, ಬೆನ್ನು ನಮ್ಮ ಕಡೆ ಮಾಡಿ, ಗಂಧದ ಬಟ್ಟಲಿಗೆ ಬೆರಳು ಇಳಿಸಿದರು. ಎರಡನ್ನೂ ಅಂಟಿಸಿದ ಮೇಲೆ ಅಭ್ಯಾಸದ ಪ್ರಕಾರ ಬದಿಗೆ ಸರಿದು ಗಂಟೆ ಬಾರಿಸಬೇಕಿತ್ತು. ಅವರು ಅಮ್ಮನ ಎದುರಿನಲ್ಲೇ ತಲೆ ಬಗ್ಗಿಸಿ ನಿಂತುಬಿಟ್ಟರು.

ಹೆಂಡತಿ ಕಣ್ಣು ಮುಚ್ಚಿ ಇನ್ನೂ ಕೇಳಿಕೊಳ್ಳುತ್ತಲೇ ಇದ್ದಳು. ಬಲದ ಹೂ ಜಾರಿ ಅಮ್ಮನ ಪಾದದ ಮೇಲೆ ಬಿತ್ತು.

ದೊಡ್ಡಪ್ಪ ಅದನ್ನು ಎತ್ತಿ ಅವಳ ಸೆರಗಿಗೆ ಹಾಕಿದರು. ಅವಳ ಕಣ್ಣಲ್ಲಿ ನೀರು ತುಂಬಿತು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡು, "ಇಷ್ಟು ಬೇಗ ಅಮ್ಮ ಯಾರಿಗೂ ಕೊಟ್ಟಿದ್ದು ನಾನು ನೋಡಿಲ್ಲ ರೀ. ನಾನೇ ಸುಮ್ನೆ ಅಡ್ಡ ಬಂದೆ. ತಪ್ಪಾಯ್ತು," ಅಂದಳು. ನಾನು ದೊಡ್ಡ ಮನಸ್ಸಿನವನ ಹಾಗೆ, ಹೋಗಲಿ ಬಿಡು ಕಣೇ, ಅಂದೆ.

ಮಾತು ಕೊಟ್ಟ ಹಾಗೆ ಅವಳು ಶನಿವಾರ ಗಾರೆಯವರನ್ನು ಕರೆಸಿ ಒಗೆಯುವ ಕಲ್ಲು ಕೀಳಿಸಿದಳು. ಸಂಜೆ ನನ್ನ ಜೊತೆ ಬಸವೇಶ್ವರನಗರಕ್ಕೆ ಬಂದು ಗಾಡಿಯಲ್ಲಿ ಕೂತಳು. ಎದ್ದು ಬಂದ ಮರದ ಪಟ್ಟಿಯನ್ನು ಬೆರಳಿಂದ ಒತ್ತಿ, "ಫೆವಿಕಾಲ್ ಹಾಕಿದ್ರೆ ಕೂರುತ್ತೆ," ಅಂದಳು. ಗಾಡಿ ಬಂದ ದಿನವೇ ದೊಡ್ಡಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಊರು ಸುತ್ತಿಸಬೇಕು ಎಂದು ಅವಳೇ ತೀರ್ಮಾನ ಮಾಡಿದಳು. ಮಂಗಳವಾರ ಅಡ್ವಾನ್ಸ್ ಎಂದು ಮಾತಾಯಿತು. "ಕೊಡೋ ಮುಂಚೆ ದುಡ್ಡನ್ನ ಅಮ್ಮನ ಪಾದಕ್ಕೆ ಮುಟ್ಟಿಸ್ಕೊಂಡು ಹೋಗಿ," ಅಂದಳು. ಅದಕ್ಕೇ ಮಂಗಳವಾರ ಬೆಳಿಗ್ಗೆ ಮತ್ತೆ ಊರಿಗೆ ಹೋದೆ.

ಗುಡಿಯ ಒಳಗೆ ಆರತಿ ಎತ್ತುತ್ತಿದ್ದವನು ನನ್ನ ಚಿಕ್ಕಪ್ಪನ ಮಗ. ದೊಡ್ಡಪ್ಪ ಹೊರಗೆ ಜಗಲಿಯ ಮೇಲೆ, ಭಕ್ತರು ಕೂರುವ ಕಡೆ, ಗೋಡೆಗೆ ಒರಗಿ ಕೂತಿದ್ದರು. ಅವರ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಲೇಔಟಿನ ಕಟ್ಟಡಗಳ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಕಡೆಯವಳು ಎಂದು ಮಾತಿನಲ್ಲೇ ಗೊತ್ತಾಗುತ್ತಿತ್ತು.

"ಒಂದ್ ಹೂವ ಕೊಡ್ರಿ ಅಜ್ಜಾರ. ಕೆಲಸ ಬಿಟ್ಟು ಬಂದೀನ್ರಿ."

"ಹೂ ಕೊಡೋದು ನಿಲ್ಲಿಸಿದೀವಿ ತಾಯಿ."

"ಹಂಗನಬ್ಯಾಡ್ರಿ. ನಮ್ಮ ಹುಡುಗೀಗಿ ಆಪರೇಷನ್ ಮಾಡ್ಸಂತ..."

"ನನಗೆ ಹೇಳಬೇಡ," ಎಂದು ದೊಡ್ಡಪ್ಪ ಕೈ ಎತ್ತಿದರು. ಎತ್ತಿದ ಕೈಯನ್ನು ಹಾಗೇ ಇಳಿಸಿದರು. "ಡಾಕ್ಟ್ರು ಹೇಳಿದಂಗೆ ಕೇಳು ತಾಯಿ. ನನ್ನ ಕೈ ಸರಿ ಇಲ್ಲ."

ಅವಳು ಆ ಕೈಯನ್ನು ನೋಡಿದಳು. ಕೈ ಚೆನ್ನಾಗಿಯೇ ಇತ್ತು. ಗುಡಿಯ ಹೊಸ್ತಿಲಿಗೆ ಹಣೆ ಮುಟ್ಟಿಸಿ, ತಿರುಗಿ ತಿರುಗಿ ನೋಡುತ್ತಾ ಹೋದಳು. ನಾನು ದುಡ್ಡಿನ ಕವರು ಇದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

"ಕೈಗೆ ಏನಾಯ್ತು ದೊಡ್ಡಪ್ಪ?" ಎಂದು ಕೇಳಿದೆ. ಏನಾಗಿದೆ ಎಂದು ಗೊತ್ತಿದ್ದೂ ಕೇಳಿದೆ.

"ಬಾ, ಕೂತ್ಕೊ. ಊಟ ಮಾಡಿದ್ಯಾ?" ಅಂದರು. ಒಳಗೆ ಆರತಿ ಮುಗಿದು ಜನ ಮಂಗಳಾರತಿ ತೆಗೆದುಕೊಂಡು ಹೊರಗೆ ಬಂದರು. ಅವರೆಲ್ಲ ಹೋದ ಮೇಲೆ ದೊಡ್ಡಪ್ಪ ತಮ್ಮಷ್ಟಕ್ಕೆ ಹೇಳಿಕೊಳ್ಳುವ ಹಾಗೆ ಶುರು ಮಾಡಿದರು.

"ಶುಕ್ರವಾರ ನೀವು ಹೋದ ಮೇಲೆ ಗಂಡ ಹೆಂಡ್ತಿ ಯಾರೋ ಬಂದ್ರು. ಹೂ ಅದ್ದಿ ಅಂಟಿಸೋಕೆ ಹೋದೆ. ಎಷ್ಟು ನೀರಲ್ಲಿ ಅದ್ದಿದೀನಿ, ಯಾವುದನ್ನ ಜೋರಾಗಿ ಒತ್ತಿದೀನಿ ಅಂತ ಯೋಚನೆ ಬಂತು ಕಣೋ. ಇಷ್ಟು ವರ್ಷ ಆ ಯೋಚನೆ ಬಂದಿರಲಿಲ್ಲ. ಕೈ ತನ್ನ ಪಾಡಿಗೆ ಅಂಟಿಸ್ತಿತ್ತು, ಅವಳು ತನ್ನ ಪಾಡಿಗೆ ಬೀಳಿಸ್ತಿದ್ಲು. ಈಗ ಬಿದ್ದಿದ್ದು ಅವಳು ಕೊಟ್ಟಿದ್ದೋ ನಾನು ಕೊಟ್ಟಿದ್ದೋ ನನಗೆ ಗೊತ್ತಾಗಲ್ಲ. ಗೊತ್ತಾಗದೆ ಜನಕ್ಕೆ ಹೆಂಗೆ ಕೊಡ್ಲಿ?"

ನಾನು ಕ್ಷಮಿಸಿ ಎಂದು ಹೇಳಬೇಕಿತ್ತು. ಕಾಲಿಗೆ ಬೀಳಬೇಕಿತ್ತು. ಅದರ ಬದಲು, "ಚಿಕ್ಕಪ್ಪನ ಮಗ ಕೊಡ್ಲಿ ಬಿಡಿ," ಅಂದೆ.

"ಅವನಿಗೆ ನಂಬಿಕೆ ಇಲ್ಲ. ಆರತಿ ಎತ್ತಾನೆ, ಅಷ್ಟು ಸಾಕು," ಅಂದರು. ಬೈಯಲಿಲ್ಲ. ಒಂದೇ ಒಂದು ಸಲ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲು ನಾನು ಅವರ ಮಗನಲ್ಲ ಎಂದು ನಾನೇ ತಾನೇ ಹೇಳಿಬಿಟ್ಟಿದ್ದೆ.

ಕವರನ್ನು ಅಮ್ಮನ ಪಾದಕ್ಕೆ ಮುಟ್ಟಿಸಲಿಲ್ಲ. ಗುಡಿಯ ಒಳಗೇ ಹೋಗಲಿಲ್ಲ. ಸುಂಕದಕಟ್ಟೆಯ ಹತ್ತಿರ ಕಾರು ನಿಲ್ಲಿಸಿ ಗ್ರಾನೈಟ್‌ನವರಿಗೆ ಫೋನ್ ಮಾಡಿ, ಗಾಡಿ ಬೇಡ ಸಾರ್, ಮನೆಯಲ್ಲಿ ಒಪ್ಪುತ್ತಿಲ್ಲ, ಅಂದೆ. ಅದೂ ಸುಳ್ಳು. ಮನೆಯಲ್ಲಿ ಒಪ್ಪಿಸಲೆಂದೇ ಇಷ್ಟೆಲ್ಲ ಆಗಿತ್ತು. ಅವರು ಸ್ವಲ್ಪವೂ ಬೇಸರ ಮಾಡಿಕೊಳ್ಳದೆ, "ಪರವಾಗಿಲ್ಲ ಸಾರ್, ಯೋಚ್ನೆ ಮಾಡಿ ಬೇಡ ಅಂದಿದ್ದು ಒಳ್ಳೇದೇ ಆಯ್ತು," ಅಂದರು. ಆ ಮನುಷ್ಯನಿಗೂ ಆ ಗಾಡಿಯ ಮೇಲೆ ನಂಬಿಕೆ ಇರಲಿಲ್ಲವೇನೋ.

ಹೆಂಡತಿಗೆ ಇನ್ನೊಂದು ಸುಳ್ಳು ಹೇಳಿದೆ. ಬೇರೆ ಯಾರೋ ಮೊದಲೇ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದಾರೆ, ಗಾಡಿ ಕೈತಪ್ಪಿತು ಅಂದೆ. ಅವಳು ಗಾಬರಿಯಾದಳು. "ಅಮ್ಮ ಬಲಕ್ಕೆ ಕೊಟ್ಟಿದ್ದು ಕೈತಪ್ಪೋದು ಅಂದ್ರೇನು? ನಾನು ಮೊದಲು ಬೇಡ ಬೇಡ ಅಂದೆನಲ್ಲ, ಅದಕ್ಕೇ ಹೀಗಾಯ್ತು," ಎಂದು ಅತ್ತಳು. ಮುಂದಿನ ಶುಕ್ರವಾರ ಉಪವಾಸ ಮಾಡಿ, ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ನನ್ನ ಕೈಗೆ ಕೊಟ್ಟಳು, ಹುಂಡಿಗೆ ಹಾಕಿ ಬನ್ನಿ ಎಂದು. ನಾನು ಮಾಡಿದ ತಪ್ಪಿಗೆ ಅವಳು ಕಟ್ಟಿದ ಗಂಟನ್ನು ಜೇಬಿನಲ್ಲಿ ಇಟ್ಟುಕೊಂಡು ಹೊರಟೆ. ನಿಜ ಏನೆಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದಿದಾಗಲೇ ಅವಳಿಗೆ ಗೊತ್ತಾಗುವುದು. ಎದುರು ಕೂತು ಹೇಳುವ ಧೈರ್ಯ ಇಲ್ಲದೆ ಬರೆಯುತ್ತಿದ್ದೇನೆ ಎಂದು ಅವಳು ಅಂದರೆ ಅದೂ ಸರಿಯೇ. ಅವಳ ಒಗೆಯುವ ಕಲ್ಲನ್ನು ಮತ್ತೆ ಹಾಕಿಸಿದೆ, ಆದರೆ ಮೊದಲಿನ ಮಟ್ಟಕ್ಕೆ ಕೂರಲಿಲ್ಲ, ನೀರು ಬಾಗಿಲ ಕಡೆಗೇ ಹರಿಯುತ್ತದೆ.

ದೊಡ್ಡಪ್ಪ ಅದಾದ ಮೇಲೆ ಆರು ವರ್ಷ ಬದುಕಿದ್ದರು. ದಿನಾ ಗುಡಿಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಹೊಸ್ತಿಲು ದಾಟಿ ಒಳಗೆ ಹೋಗಿದ್ದನ್ನು ಯಾರೂ ನೋಡಲಿಲ್ಲ. ಊರಿನವರು ವಯಸ್ಸಾಯಿತು, ಕೈ ನಡುಗುತ್ತದೆ ಅಂದುಕೊಂಡರು. ಅವರೂ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟರು. ನನ್ನ ಹೆಸರು ಒಂದು ಸಲವೂ ಬರಲಿಲ್ಲ.

ತಪ್ಪುಕಾಣಿಕೆ ಹಿಡಿದುಕೊಂಡು ಹೋದ ಆ ಶುಕ್ರವಾರ ನನ್ನ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಇತ್ತು. ಗಾಡಿ ಕೊಳ್ಳಲಿಲ್ಲ ಎಂದು ಹೇಳಿದರೆ ಅವರಿಗೆ ಸಮಾಧಾನವಾಗುತ್ತದೆ, ಆಗಿದ್ದು ಆಗದ ಹಾಗೆ ಆಗುತ್ತದೆ, ಬರುವ ಮಂಗಳವಾರ ಮತ್ತೆ ಹೂ ಅದ್ದುತ್ತಾರೆ ಎಂದುಕೊಂಡಿದ್ದೆ. ಸ್ವಲ್ಪ ಮಟ್ಟಿಗೆ ತ್ಯಾಗ ಮಾಡಿದವನ ಹಮ್ಮೂ ಇತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಜಗಲಿಯ ಮೇಲೆ ಅವರ ಪಕ್ಕ ಕೂತು, ಅವರು ಕೇಳುವ ಮೊದಲೇ ಹೇಳಿದೆ.

"ಗಾಡಿ ತಗೊಳ್ಳಲಿಲ್ಲ ದೊಡ್ಡಪ್ಪ. ಬಿಟ್ಬಿಟ್ಟೆ."

ಅವರು ನನ್ನ ಕಡೆ ತಿರುಗಿದರು. ಆ ಗುರುವಾರದ ನಂತರ ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅವತ್ತೇ. ಚಿಕ್ಕವನಾಗಿದ್ದಾಗ ಬಿದ್ದು ಮಂಡಿ ಒಡೆದುಕೊಂಡು ಬಂದರೆ ಹೇಗೆ ನೋಡುತ್ತಿದ್ದರೋ ಹಾಗೆ ನೋಡಿದರು.

"ತಗೊಂಡಿದ್ರೆ ಚೆನ್ನಾಗಿತ್ತು ಕಣೋ," ಅಂದರು. "ನಿನಗಾದ್ರೂ ಒಂದು ಗಾಡಿ ಸಿಕ್ಕಿರೋದು."